ಅಂಡ್ಯುಲೇಟ್: ಬಯಲುಸೀಮೆಯ ಅಲೆ

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ರಸ್ತೆ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಭೂಗೋಳದ ಪುಸ್ತಕಗಳಲ್ಲಿ ಇಂಥ ನೆಲಕ್ಕೆ 'ಅಂಡ್ಯುಲೇಟಿಂಗ್' ಅಂತಾರೆ. ಮೂಲ ಲ್ಯಾಟಿನ್ನಿನ 'ಉಂಡ', ಅಂದ್ರೆ ಅಲೆ. ಹಾವಿನ ಹರಿದಾಟ, ಗಾಳಿಗೆ ತೂಗುವ ರಾಗಿ ಹೊಲ, ದನಿಯ ಏರಿಳಿತ ಎಲ್ಲಕ್ಕೂ ಇದೇ ಪದ. ಮಳೆಗೆ ಬಾಯಿಬಿಡುವ ಚಿತ್ರದುರ್ಗದ ನೆಲಕ್ಕೆ ನೀರಿನ ಪದ ನೋಡಿ!

ಇದರ ದಾಯಾದಿಗಳು ನನಗೆ ಇನ್ನೂ ಮಜಾ ಅನ್ನಿಸಿದವು. ಸಮೃದ್ಧಿಯ 'ಅಬಂಡೆಂಟ್', ಮುಳುಗಿಸುವ 'ಇನಂಡೇಟ್', ಬೇಡದೆ ಮಿಕ್ಕ 'ರಿಡಂಡೆಂಟ್', ಎಲ್ಲ ಒಂದೇ ಉಂಡದ ಮಕ್ಕಳು. 'ಸರೌಂಡ್' ಕೂಡ! ಮೊದಲು ಅದಕ್ಕೆ ಉಕ್ಕಿ ಹರಿಯುವುದು ಎಂದೇ ಅರ್ಥ. 'ರೌಂಡ್' ಜೊತೆ ಕಲಸಿಹೋಗಿ ಸುತ್ತುವರಿಯುವುದು ಆಯ್ತು.

ಸಮೃದ್ಧಿಯೂ ಮುಳುಗಡೆಯೂ ಒಂದೇ ಅಲೆ ಎನ್ನುವುದಕ್ಕೆ ಹಿರಿಯೂರಿನ ಮಾರಿಕಣಿವೆಯೇ ಸಾಕ್ಷಿ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ! ಕೆಳಗೆ ಹಿರಿಯೂರಿಗೆ ಹಬ್ಬ. ಮೇಲೆ ಹೊಸದುರ್ಗದ ಕಡೆ ಹಿನ್ನೀರು ಜಮೀನಿಗೆ ನುಗ್ಗಿತ್ತು.

ನಮ್ಮ 'ಅಲೆ'ಯೇನು ಕಡಿಮೆಯಾ? ಅದೇ ಮಾತು ಕ್ರಿಯಾಪದವಾದಾಗ ತಿರುಗಾಟ, ಅಲ್ಲಿಂದ ಅಲೆಮಾರಿ. ಮಳೆ ಕೈಕೊಟ್ಟ ವರ್ಷ ಕುರಿ ಹೊಡ್ಕೊಂಡು ಮೇವು ಹುಡುಕಿ ಹೊರಡುವ ನಮ್ಮ ಸೀಮೆಯವರಿಗೆ ಈ ಎರಡನೇ ಅರ್ಥವೇ ಹೆಚ್ಚು ಪರಿಚಯ.