ಚಂದ್ರನತ್ತ ಹಾರಿದ ಬಾಣ

ಒಂದು ಚಿತ್ರವನ್ನು ನೋಡಿ ಮುಗಿಸಿದ ಮೇಲೆ, “ಇದೇನು ಕಥೆ, ನಿಮಗೇನಾದರೂ ತಿಳಿಯಿತೆ?” ಎಂದು ಪಕ್ಕದವರನ್ನು ಕೇಳುವ ಪ್ರಸಂಗ, ವಾಚಕರೇ, ನಿಮಗೂ ಬಂದಿರಬಹುದು. ನನಗೆ ಅದು ಬಂದದ್ದು 1929ರ ಒಂದು ಜರ್ಮನ್ ಮೂಕಚಿತ್ರದಿಂದ. ಅದರ ಹೆಸರು ‘ಫ್ರೌ ಇಮ್ ಮೋಂಡ್’. ‘ಚಂದ್ರನಲ್ಲಿ ಹೆಣ್ಣು’ ಎಂದು ಅರ್ಥ. ನಿರ್ದೇಶಕ ಫ್ರಿಟ್ಸ್ ಲಾಂಗ್. ಆತನ ‘ಮೆಟ್ರೊಪೊಲಿಸ್’ ಚಿತ್ರವನ್ನು ಲೋಕವೆಲ್ಲ ಕೊಂಡಾಡುತ್ತದೆ. ಎರಡು ವರ್ಷಗಳ ತರುವಾಯ ಬಂದ ಇದನ್ನು ಕೇಳುವವರು ಕಡಿಮೆ.

ಚಿತ್ರ ಬಹಳ ದೀರ್ಘ. ಮೊದಲ ಒಂದು ಗಂಟೆಗೂ ಮಿಕ್ಕಿ ಚಂದ್ರನ ಸುದ್ದಿ ಬರಿಯ ಮಾತಿನಲ್ಲಿ. ಕಣ್ಣಿಗೆ ಕಾಣುವುದು ಕಾಗದಪತ್ರಗಳ ಕಳವು, ಬೆದರಿಕೆ, ಒಬ್ಬಳ ಮೇಲೆ ಇಬ್ಬರ ಒಲವು. ಆಮೇಲೆ ದೊಡ್ಡದೊಂದು ರಾಕೆಟ್ಟು ಬಂದು ನೀರಿನ ತೊಟ್ಟಿಯಲ್ಲಿ ಇಳಿದು ನಿಲ್ಲುತ್ತದೆ. ಪ್ರಯಾಣಿಕರು ಹಾಸಿಗೆಯ ಮೇಲೆ ಮಲಗುತ್ತಾರೆ. ಅಂಕಿಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಚಂದ್ರನನ್ನು ಮುಟ್ಟಿದ ಮೇಲಾದರೋ, ಮುದುಕ ಪ್ರೊಫೆಸರೊಬ್ಬರು ಬೆಂಕಿಕಡ್ಡಿ ಗೀರಿ, ಅಲ್ಲಿ ಗಾಳಿಯಿದೆಯೆಂದು ಕಂಡುಕೊಂಡು, ಬಂಗಾರವನ್ನು ಹುಡುಕುತ್ತ ಹೊರಟೇಬಿಡುತ್ತಾರೆ! ದಾರಿಯ ಲೆಕ್ಕವನ್ನು ಅಷ್ಟು ಜಾಗರೂಕತೆಯಿಂದ ಹಾಕಿದವರು ಊರು ಸೇರಿದ ಮೇಲೆ ಹೀಗೇಕೆ ಎಡವಿದರು?

ಕಾರಣವಿಷ್ಟೆ: ಈ ಚಿತ್ರಕ್ಕೆ ಎರಡು ಕೈಗಳು ಸೇರಿವೆ. ಕಥೆ ಥೇಯಾ ಫಾನ್ ಹಾರ್ಬೌ ಎಂಬ ಲೇಖಕಿಯ ಕಾದಂಬರಿಯದು. ಬಂಗಾರದ ಆಸೆ, ಪ್ರೇಮ, ದ್ರೋಹ ಅಲ್ಲಿಂದ ಬಂದವು. ವಿಜ್ಞಾನದ ಸಲಹೆ ಹೆರ್ಮಾನ್ ಓಬರ್ಟ್ ಅವರದು. ರಾಕೆಟ್ಟಿನಿಂದ ಗ್ರಹಾಂತರಗಳಿಗೆ ಹೋಗಬಹುದೆಂದು 1923ರಲ್ಲೇ ಗ್ರಂಥ ಬರೆದವರು ಅವರು. ಒಂದರ ಮೇಲೊಂದು ಜೋಡಿಸಿದ ಹಂತಗಳು, ವೇಗದ ಒತ್ತಡವನ್ನು ತಾಳಲು ಮಲಗುವುದು, ತೂಕವಿಲ್ಲದಾಗ ಕಾಲಿಗೆ ಆಸರೆಯಾಗುವ ಪಟ್ಟಿಗಳು, ಇವೆಲ್ಲ ಮುಂದೆ ನಿಜವಾದವು. ಇಳಿಯೆಣಿಕೆಯನ್ನು ಮಾತ್ರ ಪ್ರೇಕ್ಷಕರ ಎದೆ ಡವಗುಟ್ಟಲೆಂದು ಲಾಂಗ್ ತಂದ. ಇಂದು ಶ್ರೀಹರಿಕೋಟೆಯ ಉಡಾವಣೆಯನ್ನು ನೋಡುವ ಮಗುವಿಗೂ ಅದು ಗೊತ್ತು.

ಇಷ್ಟಾದರೂ ಒಂದು ಗಂಟು ಉಳಿಯುತ್ತದೆ. ನಾಗಮಂಗಲದಲ್ಲೋ ಕೃಷ್ಣರಾಜಪೇಟೆಯಲ್ಲೋ ಹಬ್ಬದ ಇರುಳು ಬಾಣಬಿರುಸು ನೋಡಿ ಬೆಳೆದವರಿಗೆ ಆ ‘ಬಾಣ’ವೆಂಬ ಮಾತಿನಲ್ಲೇ ಅದರ ಎಳೆ ಸಿಕ್ಕುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ರಾಕೆಟ್ಟಿಗೆ ಬಾಣವೆಂದೇ ಹೆಸರು. ಗೇಣುದ್ದದ ಕಬ್ಬಿಣದ ಕೊಳವೆಯಲ್ಲಿ ಮದ್ದು ಗಿಡಿದು ಬಿದಿರಿನ ಗಳುವಿಗೆ ಬಿಗಿದರೆ ಬಾಣ ಸಿದ್ಧ. ಕಾಗದದ ಕೊಳವೆ ಸಿಡಿದುಹೋಗುವಷ್ಟು ಒತ್ತಡವನ್ನು ಕಬ್ಬಿಣ ತಡೆಯುತ್ತಿತ್ತು. ಆದುದರಿಂದಲೇ ಇದು ಬಹು ದೂರ ಹಾರಿತು.

ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದುದು ನಿಮಗೆ ಗೊತ್ತು; ಮೈಸೂರಿನ ಪರವಾಗಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಬಂಡೆಗಳವು. ಅಲ್ಲಿಂದ ದಕ್ಷಿಣಕ್ಕೆ ಶ್ರೀರಂಗಪಟ್ಟಣ. ಅದರ ಹತ್ತಿರದ ಸುಲ್ತಾನ್‌ಪೇಟೆಯ ತೋಪಿನಲ್ಲಿ 1799ರ ಏಪ್ರಿಲ್ 5ರ ರಾತ್ರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲೆಯಲ್ಲಿ ದಾರಿ ತಪ್ಪಿ, ಬಾಣಗಳಿಗೂ ಗುಂಡುಗಳಿಗೂ ಸಿಕ್ಕಿ, ದಿಕ್ಕುಗೆಟ್ಟು ಹಿಂದೆಗೆಯಿತು. ಮುಂದೆ ವಾಟರ್‌ಲೂ ಗೆದ್ದ ವೆಲಿಂಗ್ಟನ್ ಈತನೇ. ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದ. ಅವನ ಬಾಣಗಳು ಇಂಗ್ಲೆಂಡಿನ ವೂಲ್‌ವಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ತಿದ್ದಿ ಬೆಳೆಸಿದ. 1807ರಲ್ಲಿ ಅದೇ ಬಗೆಯ ರಾಕೆಟ್ಟುಗಳಿಂದ ಕೋಪನ್‌ಹೇಗನ್ ನಗರ ಹತ್ತಿ ಉರಿಯಿತು.

ಯುದ್ಧಕ್ಕೆಂದು ಬೆಳೆದ ಈ ವಸ್ತುವನ್ನು ಲಾಂಗನ ಚಿತ್ರ ಚಂದ್ರನ ಕಡೆಗೆ ತಿರುಗಿಸಿತು. ಆದರೆ ಎಷ್ಟು ದಿನ? ಹದಿಮೂರೇ ವರ್ಷ. ಓಬರ್ಟರ ಬಳಿ ಪಳಗಿದ ತರುಣ ವೆರ್ನರ್ ಫಾನ್ ಬ್ರೌನ್, ಹಿಟ್ಲರನ ಸೈನ್ಯಕ್ಕಾಗಿ ವಿ-2 ರಾಕೆಟ್ಟನ್ನು ಕಟ್ಟಿದ. 1942ರ ಅಕ್ಟೋಬರ್ 3ರಂದು ಅದು ಮೊದಲ ಬಾರಿಗೆ ಸರಿಯಾಗಿ ಹಾರಿದಾಗ, ಅದರ ಬುಡದಲ್ಲಿ ಬಿಡಿಸಿದ್ದುದು ಈ ಚಿತ್ರದ ಗುರುತು! 1944ರ ಸೆಪ್ಟೆಂಬರಿನಲ್ಲಿ ಅದು ಲಂಡನ್ನಿನ ಮೇಲೆ ಬಿದ್ದಿತು.

ಹಾಗೆಂದು ಕಥೆ ಅಲ್ಲಿಗೇ ಮುಗಿಯಲಿಲ್ಲ. 1963ರಲ್ಲಿ ಅಮೆರಿಕದ ವಾಲಪ್ಸ್ ದ್ವೀಪದ ರಾಕೆಟ್ ಕೇಂದ್ರಕ್ಕೆ ತರಬೇತಿಗೆ ಹೋದ ಅಬ್ದುಲ್ ಕಲಾಂ ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ಬಾಣದ ಪಡೆಯ ಚಿತ್ರವನ್ನು ಕಂಡು ಬೆರಗಾದರು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೆಯ ಬಾವಿಯೊಂದರಿಂದ ಸಾವಿರ ಬಾಣಗಳು ಹೊರಬಂದವು. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಚಂದ್ರನ ಮೇಲೆ ಮೆಲ್ಲನೆ ಇಳಿಯಿತು.

ಈಗ ನನ್ನ ಗೊಂದಲ ತಿಳಿಯಾಗಿದೆ. ಚಿತ್ರದಲ್ಲಿ ಒಬ್ಬನಿಗೆ ಚಂದ್ರ ಬೇಕು, ಇನ್ನೊಬ್ಬನಿಗೆ ಬಂಗಾರ ಬೇಕು; ಇಬ್ಬರೂ ಏರುವುದು ಒಂದೇ ರಾಕೆಟ್ಟನ್ನು. ಇದನ್ನು ಕಥೆಯ ದೋಷವೆಂದುಕೊಂಡಿದ್ದೆ. ಅದು ರಾಕೆಟ್ಟಿನ ಚರಿತ್ರೆಯೇ ಆಗಿದೆ. ಶ್ರೀರಂಗಪಟ್ಟಣಕ್ಕೆ ಹೋದಾಗ ದರಿಯಾ ದೌಲತ್ತಿನ ಗೋಡೆಯ ಮೇಲಿರುವ ಪೊಲ್ಲಿಲೂರಿನ ಯುದ್ಧಚಿತ್ರವನ್ನು ನೋಡಿ ಬನ್ನಿ. ಆಮೇಲೆ, ಬಿಡುವಾದಾಗ, ಈ ಮೂಕಚಿತ್ರವನ್ನೂ ನೋಡಿ. ಬಾಣ ಹಾರಬಲ್ಲುದು, ನಿಜ. ಎತ್ತ ಹಾರಬೇಕೆಂದು ಗೊತ್ತುಮಾಡುವವರು ಮಾತ್ರ ಮನುಷ್ಯರೇ.