ಮಕರ ರಾಶಿಯ ಒಂದು ದಾನಶಾಸನ

ಅಫಜಲಪುರ ಸೀಮೆಯ ಭೀಮಾತೀರದಲ್ಲಿ ನಿಂತು ಅಕ್ಟೋಬರ್ ತಿಂಗಳ ಮುಸ್ಸಂಜೆ ಕಳೆದ ಮೇಲೆ ದಕ್ಷಿಣದ ಬಾನನ್ನು ನೋಡಿದರೆ, ಮಕರ ರಾಶಿಯಲ್ಲಿ ನಸುಹಳದಿಯ ಒಂದು ತಾರೆ ಬರಿಗಣ್ಣಿಗೇ ಕಾಣುತ್ತದೆ. ಖಗೋಳಜ್ಞರು ಅದನ್ನು ಝೀಟಾ ಕ್ಯಾಪ್ರಿಕಾರ್ನಿ ಎನ್ನುತ್ತಾರೆ.

ಈ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ರಾಜಧಾನಿಯಲ್ಲಿ ನವಾಬ್ ಜಫರ್ ಜಂಗ್ 1901ರಲ್ಲಿ ನಿಜಾಮಿಯಾ ವೀಕ್ಷಣಾಲಯವನ್ನು ಸ್ಥಾಪಿಸಿದರು. 1908ರಲ್ಲಿ ಅದು ಸರಕಾರದ ವಶಕ್ಕೆ ಬಂದಿತು. ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಸೂಚಿಯನ್ನು ರಚಿಸಲು ಜಗತ್ತಿನ ವೀಕ್ಷಣಾಲಯಗಳು ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಬಾನನ್ನು ಹಂಚಿಕೊಂಡಾಗ, ದಕ್ಷಿಣದ 17ರಿಂದ 23 ಅಂಶಗಳ ನಡುವಣ ಪಟ್ಟಿ ಹೈದರಾಬಾದಿನ ಪಾಲಿಗೆ ಬಂದಿತು. ಮೇಲೆ ಹೇಳಿದ ತಾರೆ ಇರುವುದು ಆ ಪಟ್ಟಿಯಲ್ಲಿಯೇ. ಆದರೆ ಅಲ್ಲಿ ಅಳೆದದ್ದು ತಾರೆಗಳ ಸ್ಥಾನವನ್ನು. ತಾರೆಯ ಒಡಲಿನ ದ್ರವ್ಯವನ್ನು ಅರಿಯಬೇಕಾದರೆ ಅದರ ಬೆಳಕನ್ನು ಬಿಡಿಸಿ ರೋಹಿತವನ್ನು ಓದಬೇಕು.

ಹಾಗೆ ಓದಿದ ಬೈಡೆಲ್ಮನ್ ಮತ್ತು ಕೀನನ್ ಎಂಬ ವಿದ್ವಾಂಸರು 1951ರಲ್ಲಿ ಕೆಲವು ದೈತ್ಯ ತಾರೆಗಳಲ್ಲಿ ಬೇರಿಯಂ ಧಾತುವಿನ ರೇಖೆ ಅಸಹಜವಾಗಿ ದಟ್ಟವಾಗಿರುವುದನ್ನು ತೋರಿಸಿದರು. ಝೀಟಾ ಕ್ಯಾಪ್ರಿಕಾರ್ನಿ ಈ ಬಳಗದ್ದು. ಮರುವರ್ಷವೇ ಮೆರಿಲ್ ಎಂಬಾತ ಬೇರೊಂದು ಬಗೆಯ ಮುದಿ ತಾರೆಗಳಲ್ಲಿ ಟೆಕ್ನೀಷಿಯಂ ಧಾತುವನ್ನು ಕಂಡನು. ಕೆಲವೇ ದಶಲಕ್ಷ ವರ್ಷಗಳಲ್ಲಿ ಕ್ಷಯಿಸುವ ಆ ಧಾತು ಅಲ್ಲಿರಬೇಕಾದರೆ ಅದು ಅಲ್ಲಿಯೇ ಹುಟ್ಟಿರಬೇಕು. ಮುಪ್ಪಿನ ಕೊನೆಯ ಘಟ್ಟದಲ್ಲಿ ತಾರೆಯ ಒಡಲೊಳಗೆ ಪರಮಾಣುಗಳು ನ್ಯೂಟ್ರಾನ್‌ಗಳನ್ನು ನಿಧಾನವಾಗಿ ಒಂದೊಂದಾಗಿ ಹೀರಿ ಭಾರವಾಗುತ್ತವೆ. ಬೇರಿಯಂ ಹುಟ್ಟುವ ಬಗೆಯೂ ಇದೇ. ಆದರೆ ಬೇರಿಯಂ ತಾರೆಗಳು ಆ ಘಟ್ಟವನ್ನು ಇನ್ನೂ ಮುಟ್ಟಿರಲಿಲ್ಲ. ಒಲೆ ಹೊತ್ತಿಸದ ಮನೆಯಲ್ಲಿ ಹೋಳಿಗೆ ಸಿಕ್ಕಂತಾಯಿತು!

1980ರಲ್ಲಿ ಕೆನಡಾದ ಮೆಕ್‌ಕ್ಲೂರ್ ಮತ್ತು ಸಂಗಡಿಗರು ಈ ತಾರೆಗಳ ವೇಗವನ್ನು ಅಳೆದು, ಅವು ಒಂಟಿಯಲ್ಲ, ಯಮಳ ತಾರೆಗಳು ಎಂದು ಕಂಡುಕೊಂಡರು. ಹೋಳಿಗೆ ಬಂದದ್ದು ನೆರೆಮನೆಯಿಂದ. ಜೊತೆಗಾರ ತಾರೆ ಮೊದಲು ಮುಪ್ಪಾಗಿ, ತಾನು ಬೇಯಿಸಿದ್ದನ್ನು ಗಾಳಿಯಂತೆ ಹೊರಸೂಸಿ, ಶ್ವೇತಕುಬ್ಜವಾಗಿ ಕುಗ್ಗಿಹೋಗಿತ್ತು. ಝೀಟಾ ಕ್ಯಾಪ್ರಿಕಾರ್ನಿಯ ಶ್ವೇತಕುಬ್ಜದ ಸುಳಿವೂ ಅದೇ ವರ್ಷ ಉಪಗ್ರಹವೊಂದರ ಅತಿನೇರಳೆ ವೀಕ್ಷಣೆಯಲ್ಲಿ ಸಿಕ್ಕಿತು. ಇವೆರಡೂ ಒಂದನ್ನೊಂದು ಸುತ್ತಲು ಸುಮಾರು ಆರೂವರೆ ವರ್ಷ ಬೇಕು.

ಶಾಸನಗಳ ಪಾಠ ಹೇಳಿದ ನನಗೆ ಇದು ದಾನಶಾಸನದಂತೆಯೇ ತೋರುತ್ತದೆ. ದಾನಿಯ ಅರಮನೆ ಮಣ್ಣುಗೂಡಿದ ಮೇಲೆ ಅವನ ಸಂಗತಿಯನ್ನು ನಾವು ಓದುವುದು ದಾನ ಪಡೆದ ಗುಡಿಯ ಕಲ್ಲಿನಲ್ಲಲ್ಲವೇ? ಶ್ವೇತಕುಬ್ಜದ ಪ್ರಬಲ ಗುರುತ್ವದಿಂದಾಗಿ ಭಾರದ ಧಾತುಗಳು ಅದರ ಮೇಲ್ಮೈಯಿಂದ ಒಳಗಿಳಿದುಬಿಡುತ್ತವೆ. ಅದು ಬದುಕಿದ್ದಾಗ ಏನನ್ನು ಬೇಯಿಸಿತ್ತೆಂಬುದಕ್ಕೆ ಜೊತೆಗಾತಿಯ ರೋಹಿತವೇ ಲೇಖ.

ನಿಜಾಮಿಯಾ ವೀಕ್ಷಣಾಲಯದ ಸಹಾಯಕರೊಬ್ಬರ ಮಗ ವೇಣು ಬಾಪು. 1971ರಲ್ಲಿ ರೂಪುಗೊಂಡ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು ಅವರೇ. ಅಲ್ಲಿಯ ಸಂಶೋಧಕರು ಈಗ ಲಡಾಖಿನ ಹಾನ್ಲೆಯ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಡೆಸುತ್ತ, ಬೇರಿಯಂ ತಾರೆಗಳ ಹಿರಿಯ ದಾಯಾದಿಗಳಾದ ಸಿಎಚ್ ತಾರೆಗಳ ರೋಹಿತವನ್ನೂ ಓದುತ್ತಿದ್ದಾರೆ. ಅವು ಹುಟ್ಟುವಾಗಲೇ ಲೋಹಾಂಶದಲ್ಲಿ ಬಡವು. ಆದುದರಿಂದ ಪಡೆದ ದಾನ ಅವುಗಳಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ.