ಕಪಿಲೆಯ ಎರೆನೆಲದಲ್ಲಿ ರಸ್ತೆ: ಮಣ್ಣಿನ ಉಬ್ಬರವನ್ನು ಅಳೆದ ಬಗೆ

ನಂಜನಗೂಡಿನಿಂದ ತಿ. ನರಸೀಪುರದ ಸಂಗಮದವರೆಗಿನ ಕಪಿಲೆಯ, ಅಂದರೆ ಕಬಿನಿಯ, ಬಯಲಿನಲ್ಲಿ ಕೆಮ್ಮಣ್ಣಿನ ದಿಣ್ಣೆಗಳ ನಡುನಡುವೆ ರೈತರು ಎರೆ ಎನ್ನುವ ಕಪ್ಪು ಜೇಡಿನೆಲ ಹರಡಿದೆ. ತೇವವನ್ನು ಬಹುಕಾಲ ಹಿಡಿದಿಡುವ ಈ ನೆಲ ಜೋಳಕ್ಕೂ ಹತ್ತಿಗೂ ಒಲಿದಂತೆ ರಸ್ತೆಗೆ ಎಂದೂ ಒಲಿದದ್ದಲ್ಲ. ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಪದರಗಳ ನಡುವೆ ನೀರು ಹೊಕ್ಕಾಗ ಎರೆಮಣ್ಣು ಉಬ್ಬುತ್ತದೆ, ಆ ಉಬ್ಬನ್ನು ತಡೆದು ಹಿಡಿಯಲು ಬೇಕಾಗುವ ಒತ್ತಡವನ್ನೇ ಉಬ್ಬರದ ಒತ್ತಡ ಎನ್ನುತ್ತಾರೆ. ಬಹುಮಹಡಿ ಕಟ್ಟಡದ ಭಾರ ಅದನ್ನು ಅದುಮಿ ಹಿಡಿಯಬಹುದಾದರೂ ತೆಳುವಾದ ಡಾಂಬರು ಹೊದಿಕೆಗೆ ಅಷ್ಟು ತೂಕವಿಲ್ಲ. ಮೇಲಾಗಿ ಹೊದಿಕೆಯಡಿಯ ಮಣ್ಣು ಹೆಚ್ಚುಕಡಿಮೆ ಒಂದೇ ತೇವದಲ್ಲಿದ್ದು, ಅಂಚಿನ ಮಣ್ಣು ಮಾತ್ರ ಋತುವಿಗೆ ತಕ್ಕಂತೆ ಒಣಗಿ ನೆನೆಯುವುದರಿಂದ ಉದ್ದುದ್ದನೆಯ ಬಿರುಕುಗಳು ಮೊದಲು ಅಂಚಿನಲ್ಲೇ ಕಾಣಿಸಿಕೊಳ್ಳುತ್ತವೆ. ಹುಲ್ಲಹಳ್ಳಿ ನಾಲೆಯಂಥ ಹಳೆಯ ಕಾಲುವೆಗಳ ಜೊತೆಗೆ 1974ರ ಕಬಿನಿ ಜಲಾಶಯದ ನಾಲೆಗಳೂ ಸೇರಿದ ಮೇಲೆ, ನೆಲ ನೆನೆಯುವುದಕ್ಕೆ ಮಳೆಯೊಂದೇ ಕಾರಣವಾಗಿ ಉಳಿಯಲಿಲ್ಲ.

ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯಲು ಅಮೆರಿಕದಲ್ಲಿ ಹೋಲ್ಟ್ಸ್ ಮತ್ತು ಗಿಬ್ಸ್ 1956ರಲ್ಲಿ ಪ್ರಕಟಿಸಿದ ಸರಳ ಪರೀಕ್ಷೆಯ ಹಾದಿಯಲ್ಲೇ ಭಾರತೀಯ ಮಾನಕವು 1977ರಲ್ಲಿ ರೂಪ ಪಡೆಯಿತು: ಜರಡಿ ಹಿಡಿದ ಒಣಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಗಾಜಿನ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕೆಳಗೆ ಕೂತ ಮಣ್ಣಿನ ಗಾತ್ರಗಳ ವ್ಯತ್ಯಾಸವನ್ನು ಶೇಕಡಾವಾರು ಲೆಕ್ಕ ಹಾಕುವುದು. ಆದರೆ ಕೆಮ್ಮಣ್ಣಿನಂತೆ ಕಯೋಲಿನೈಟ್ ಎಂಬ ಖನಿಜ ಪ್ರಧಾನವಾದ ಮಣ್ಣಿನಲ್ಲಿ ಈ ಲೆಕ್ಕ ಋಣಸಂಖ್ಯೆಯಾಗಿ ಅರ್ಥ ಕಳೆದುಕೊಳ್ಳುತ್ತಿತ್ತು. ಈ ತೊಡಕನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಅವರೂ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನ ಕೆ. ಪ್ರಕಾಶ್ ಅವರೂ 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ ಎರಡು ಗಾತ್ರಗಳ ಅನುಪಾತವನ್ನೇ ಅಳತೆಗೋಲಾಗಿಸಿ ನಿವಾರಿಸಿದರು. ಕೆಂಪೂ ಕಪ್ಪೂ ಒತ್ತಿನಲ್ಲೇ ಇರುವ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಿಗೆ ಇದಕ್ಕಿಂತ ತಕ್ಕ ಅಳತೆ ಇಲ್ಲವೆಂದರೆ ಅತಿಶಯವಾಗದು.

ಜಾಡಿಯ ಪರೀಕ್ಷೆ ಮಣ್ಣಿನ ಜಾತಿಯನ್ನು ತಿಳಿಸುತ್ತದೆಯೇ ಹೊರತು ಒತ್ತಡವನ್ನಲ್ಲ. ಒತ್ತಡಕ್ಕೆ ಈಡೋಮೀಟರ್ ಬೇಕು, ಅಂದರೆ ಉಕ್ಕಿನ ಬಳೆಯೊಳಗೆ ಬಿಗಿದ ಮಣ್ಣಿನ ಬಿಲ್ಲೆಗೆ ನೀರುಣಿಸಿ ಮೇಲಿನಿಂದ ಭಾರ ಹೇರುವ ಉಪಕರಣ. ಉಬ್ಬಲು ಬಿಟ್ಟು ಮತ್ತೆ ಮೊದಲಿನ ಗಾತ್ರಕ್ಕೆ ಅದುಮಿದರೆ ಅತಿ ಹೆಚ್ಚು, ಒಂದೇ ಬಗೆಯ ಹಲವು ಬಿಲ್ಲೆಗಳಿಗೆ ಬೇರೆ ಬೇರೆ ಭಾರ ಕೊಟ್ಟು ನೋಡಿದರೆ ಅತಿ ಕಡಿಮೆ, ಗಾತ್ರ ಬದಲಾಗದಂತೆ ಹಿಡಿದರೆ ನಡುವಿನ ಒತ್ತಡ ದೊರೆಯುತ್ತದೆಂದು ಶ್ರೀಧರನ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದ ಬಳಿಕ, ವಿಧಾನವನ್ನು ಹೇಳದೆ ಬರೀ ಅಂಕಿಯನ್ನು ಬರೆದಿಟ್ಟ ವರದಿಗೆ ಬೆಲೆ ಉಳಿಯಲಿಲ್ಲ.

ಮುಂಬೈ ಐಐಟಿಯ ಆರ್. ಕೆ. ಕಟ್ಟಿ ಅವರು ಸೂಚಿಸಿದ, ಉಬ್ಬದಿದ್ದರೂ ಜಿಗುಟುಳ್ಳ ಮಣ್ಣಿನ ಪದರವನ್ನು ಎರೆಯ ಮೇಲೆ ಹಾಸುವ ಪರಿಹಾರವೂ ಇಂಥ ಅಳತೆಯನ್ನೇ ನೆಚ್ಚಿದೆ. ಒಣಗಿ ಗಟ್ಟಿಯಾದ ಎರೆ ಹಸಿ ಎರೆಗಿಂತ ಹೆಚ್ಚು ಒತ್ತಡ ತೋರುವುದರಿಂದ, ಮಳೆಗಾಲದಲ್ಲಿ ತೆಗೆದ ಮಾದರಿಯನ್ನು ಹಾಗೆಯೇ ಪರೀಕ್ಷಿಸಿ ಪದರದ ದಪ್ಪವನ್ನು ಗೊತ್ತುಪಡಿಸಿದರೆ ಅಂದಾಜು ಕಡಿಮೆಯಾಗಿ, ಬೇಸಿಗೆ ಕಳೆದು ಮೊದಲ ನೀರು ಬಿದ್ದಾಗ ಹೊದಿಕೆ ಮೇಲೇಳುತ್ತದೆ.